ಬದನೆಕಾಯಿಯ ಮೇಲಿನ ಅಪವಾದ

ನಮ್ಮ ಬೈಲಹೊಂಗಲ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳ ಕಿವಿ ತುರಿಸತೊಡಗಿತೆಂದರೆ ಮೊದಲು ಕಟಕಟೆ ಹತ್ತುವುದು ಬದನೆಕಾಯಿ. ಓಲೆಯನ್ನು ಯಾರೂ ವಿಚಾರಿಸುವುದಿಲ್ಲ.

ಹೋದ ಸಲದ ಮದುವೆ ಹಂಗಾಮಿನಲ್ಲಿ ನಮ್ಮ ಅಕ್ಕನ ಮಗಳ ಕಿವಿಯ ಹಾಲೆ ಕೆಂಪಗಾಗಿ, ಮೂರನೆಯ ದಿನಕ್ಕೆ ನೀರು ಒಸರತೊಡಗಿತು. ಪಡಸಾಲೆಯಲ್ಲಿ ಕೂತವರೆಲ್ಲ ನ್ಯಾಯಾಧೀಶರಾದರು. "ನಂಜ ಆಗೇತಿ. ಮದವಿ ಮನ್ಯಾಗ ಎಣಗಾಯಿ ಮ್ಯಾಲ ಎಣಗಾಯಿ ಹೊಡದಾಳ, ಆಗ್ಲಾರ್ದ ಇರ್ತೈತೇನ?" ಎಂದಳು ನಮ್ಮ ಆಯಿ. "ರಕ್ತ ಕೆಟ್ಟೈತಿ, ಮೂರ ತಿಂಗಳ ಪಥ್ಯಾ ಮಾಡಸ್ರಿ," ಎಂದರು ಕಾಕಾ. ಓಣಿಯ ಹುಡುಗನೊಬ್ಬ ಮೆಡಿಕಲ್ ಅಂಗಡಿಯಿಂದ ಟ್ಯೂಬು ತಂದುಕೊಟ್ಟ. ಕೊನೆಯ ತೀರ್ಪು ವೈನಿಯದು: "ಆಕಿ ಮೈ ಗಿಲೀಟ್ ತಡ್ಯಾಂಗಿಲ್ರಿ, ಬಂಗಾರಾನ ಹಾಕ್ರಿ." ಇಷ್ಟೆಲ್ಲ ನಡೆಯುವಾಗ ತುರಿಕೆ ಹಚ್ಚಿದ ಝುಮಕಿ ಹತ್ತಿಯಲ್ಲಿ ಸುತ್ತಿಕೊಂಡು ಡಬ್ಬಿಯೊಳಗೆ ಸುಖವಾಗಿ ಮಲಗಿತ್ತು, ಮುಂದಿನ ಮದುವೆಯ ದಾರಿ ಕಾಯುತ್ತ.

ಹುಡುಗಿಗೆ ಪಥ್ಯ, ಒಡವೆಗೆ ಹತ್ತಿಯ ಹಾಸಿಗೆ. ನನ್ನ ತಕರಾರು ಈ ನ್ಯಾಯದ ಮೇಲೆ.

ಬೈಲಹೊಂಗಲದಿಂದ ಕಿತ್ತೂರಿಗೆ, ಸವದತ್ತಿಯಿಂದ ರಾಮದುರ್ಗಕ್ಕೆ ಕೆಂಪು ಬಸ್ಸಿನಲ್ಲಿ ಹೋಗಿ ಬನ್ನಿ. ಯಾವ ನಿಲ್ದಾಣದಲ್ಲಿ ಇಳಿದು ಕೇಳಿದರೂ ತೀರ್ಪು ಬದಲಾಗುವುದಿಲ್ಲ. ದೋಷ ಮೈಯದು. ಮೈಯೊಳಗೆ ಉಷ್ಣ, ರಕ್ತದೊಳಗೆ ಕೆಡುಕು, ನಾಲಿಗೆಗೆ ಹತೋಟಿಯಿಲ್ಲ. ನಾಲ್ಕಕ್ಷರ ಓದಿದವರು ಇದನ್ನೇ 'ಸೆನ್ಸಿಟಿವ್ ಸ್ಕಿನ್' ಎನ್ನುತ್ತಾರೆ. ಮಾತು ಹೊಸದಾಯಿತು, ಆರೋಪಿ ಹಳಬಳೇ.

ಹಾಗೆಂದು 'ನಂಜು' ಎಂಬ ಮಾತನ್ನು ನಾನು ನಗೆಯಾಡುವವಳಲ್ಲ. ಅದರ ಹಿಂದೆ ನಾಲ್ಕು ತಲೆಮಾರು ಕಣ್ಣಿಟ್ಟು ನೋಡಿದ ಹೆಂಗಸರಿದ್ದಾರೆ. ಒಮ್ಮೆ ಬಂದದ್ದು ಮರಳಿ ಮರಳಿ ಬರುತ್ತದೆ ಎಂದು ಅವರು ಕಂಡರು. ಬಿಸಿಲುಗಾಲದಲ್ಲಿ ಜೋರು ಎಂದು ಕಂಡರು. ಅಕ್ಕನಿಗೆ ಆದದ್ದು ಅದೇ ಓಲೆ ಹಾಕಿಕೊಂಡ ತಂಗಿಗೆ ಆಗುವುದಿಲ್ಲ ಎಂದೂ ಕಂಡರು. ಮೂರೂ ಖರೆ. ಅವರು ತಪ್ಪಿದ್ದು ಒಂದೇ ಕಡೆ: ಕಂಡದ್ದಕ್ಕೆ ಕಾರಣ ಹುಡುಕಲು ಹೊಟ್ಟೆಯೊಳಗೆ ಕೈಹಾಕಿದರು, ಕಿವಿಯ ಮೇಲೆ ತೂಗಾಡುತ್ತಿದ್ದುದನ್ನು ಬಿಟ್ಟರು.

ನಡೆಯುವುದು ಇಷ್ಟು. ಗಿಲೀಟು ಓಲೆಯ ಕಡ್ಡಿ, ಸರದ ಕೊಂಡಿ, ಸೇಫ್ಟಿ ಪಿನ್ನು, ಪ್ಯಾಂಟಿನ ಗುಂಡಿ, ಇಂಥವುಗಳಲ್ಲಿ ನಿಕ್ಕಲ್ ಎಂಬ ಲೋಹ ಇರುತ್ತದೆ. ಬೆವರಿನ ಉಪ್ಪು ಅದನ್ನು ಕಣ್ಣಿಗೆ ಕಾಣದಷ್ಟು ಕರಗಿಸುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಬೆವರು ಹೆಚ್ಚು, ಕರಗುವುದೂ ಹೆಚ್ಚು; ಆಯಿ ಹೇಳುವ 'ಉಷ್ಣ'ದ ಗುಟ್ಟು ಇದು. ಕರಗಿದ ನಿಕ್ಕಲ್ ಚರ್ಮದೊಳಗೆ ಇಳಿದು ಅಲ್ಲಿಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೈ ಕಾಯುವ ಬಿಳಿ ರಕ್ತಕಣಗಳಲ್ಲಿ 'ಟಿ' ಕೋಶಗಳೆಂಬ ಒಂದು ಪಂಗಡವಿದೆ, ಊರ ತಳವಾರನ ಹಾಗೆ. ಹೊಸ ಮುಖವನ್ನು ಒಮ್ಮೆ ಕಳ್ಳನೆಂದು ಗುರುತು ಹಿಡಿದರೆ ಮುಗಿಯಿತು, ಸಾಯುವತನಕ ಮರೆಯುವುದಿಲ್ಲ. ಈ ಗುರುತು ಹಿಡಿಯುವ ಕೆಲಸ ಸದ್ದಿಲ್ಲದೆ ನಡೆಯುತ್ತದೆ; ಕೆಲವು ವಾರ ಸಾಕು, ಕೆಲವೊಮ್ಮೆ ವರ್ಷಗಳೇ ಬೇಕು. ಆದ್ದರಿಂದ "ಇಷ್ಟ ವರ್ಷ ಅದನ್ನ ಹಾಕ್ಕೊಂಡಿದ್ಲು, ಏನೂ ಆಗಿದ್ದಿಲ್ಲ" ಎಂಬ ವಾದ ಓಲೆಯನ್ನು ಬಿಡಿಸುವುದಿಲ್ಲ. ಈ ರೋಗ ಹುಟ್ಟುವ ರೀತಿಯೇ ಅದು.

ಇನ್ನು ಬದನೆಕಾಯಿಗೆ ಶಿಕ್ಷೆಯಾದದ್ದು ಹೇಗೆ? ಕಳ್ಳ ತಡವಾಗಿ ಸಿಕ್ಕಿಬೀಳುತ್ತಾನೆ, ಅದಕ್ಕೆ. ಶೇಂಗಾ ತಿಂದು ಕೆಲವರಿಗೆ ತುಟಿ ಊದುವುದುಂಟು. ಅದು ನಿಮಿಷಗಳ ಲೆಕ್ಕ. ನಿಕ್ಕಲ್ ಹಾಗಲ್ಲ. ತಳವಾರ ಡಂಗುರ ಸಾರಿ, ಜನ ಕೂಡಿಸಿ, ಸ್ಥಳಕ್ಕೆ ಬರಲು ಒಂದು ದಿನ, ಎರಡು ದಿನ, ಕೆಲವೊಮ್ಮೆ ಮೂರು ದಿನ ಹಿಡಿಯುತ್ತದೆ. ಸೋಮವಾರ ಮದುವೆಗೆ ಝುಮಕಿ ಹಾಕಿಕೊಂಡು ಹೋದಳು, ರಾತ್ರಿ ಬಿಚ್ಚಿಟ್ಟಳು. ಮಂಗಳವಾರ ಏನೂ ಇಲ್ಲ. ಬುಧವಾರ ಬೆಳಗ್ಗೆ ತುರಿಕೆ. ಅಷ್ಟು ಹೊತ್ತಿಗೆ ಒಡವೆ ಡಬ್ಬಿ ಸೇರಿ ಎರಡು ರಾತ್ರಿ, ಅದರ ಮೇಲೆ ಯಾರಿಗೆ ಸಂಶಯ? "ನಿನ್ನಿ ಏನ ಉಂಡಿ?" ಎಂದು ಕೇಳುತ್ತಾರೆ. ನಿನ್ನೆ ಬೀಗರ ಊಟ, ತಾಟಿನ ತುಂಬ ಎಣಗಾಯಿ. ನಮ್ಮ ಸೀಮೆಯ ಮದುವೆಯೂಟದಲ್ಲಿ ಬದನೆಕಾಯಿ ತಪ್ಪುವುದುಂಟೆ? ಒಡವೆ ತೊಡುವುದೂ ಮದುವೆಗೆ, ಬದನೆ ಉಣ್ಣುವುದೂ ಮದುವೆಗೆ. ಇಬ್ಬರೂ ಒಂದೇ ಮದುವೆಗೆ ಬಂದ ಅತಿಥಿಗಳು. ಒಬ್ಬ ಕದ್ದು ಹೋದ, ಉಳಿದವನು ಹೊಡೆತ ತಿಂದ.

ರಕ್ತದ ಮಾತಿಗೆ ಬರೋಣ. 'ರಕ್ತ ಕೆಟ್ಟಿದೆ' ಎಂದು ಹೇಳಿಸಿಕೊಂಡ ಹುಡುಗಿಯ ಮುಖ ನೋಡಿದ್ದೀರಾ? ಅದು ರೋಗದ ಹೆಸರಲ್ಲ, ಕುಲದ ಮೇಲೆ ಎತ್ತಿದ ಬೆರಳು. ಹೆಣ್ಣು ನೋಡಲು ಬಂದವರ ಕಿವಿಗೆ ಬಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ ಎಂಬ ಅಂಜಿಕೆಯಿಂದ ತಾಯಂದಿರು ಉದ್ದ ತೋಳಿನ ಕುಪ್ಪಸ ಹೊಲಿಸುತ್ತಾರೆ. ಆ ಕುಪ್ಪಸಕ್ಕೆ ಮತ್ತೆ ನಿಕ್ಕಲ್ ಲೇಪನದ ಹುಕ್ಕು! ನಿಕ್ಕಲ್ ಅಲರ್ಜಿ ಅಂಟುವ ರೋಗವಲ್ಲ, ರಕ್ತ ಕೆಡುವ ರೋಗವಲ್ಲ. ಮನುಷ್ಯರ ಕೋಶಗಳ ಮೇಲಿರುವ ಒಂದು ಗ್ರಾಹಕಕ್ಕೆ ನಿಕ್ಕಲ್ ನೇರವಾಗಿ ಅಂಟಿಕೊಂಡು ಕಾವಲುಗಾರರನ್ನು ಎಬ್ಬಿಸುತ್ತದೆ, ಇಲಿಗಳಲ್ಲಿರುವ ಅದೇ ಗ್ರಾಹಕಕ್ಕೆ ಹಾಗೆ ಅಂಟುವುದಿಲ್ಲ ಎಂದು 2010ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಮನುಷ್ಯಜಾತಿಗೇ ಇರುವ ಸ್ವಭಾವವನ್ನು ನಾವು ಒಬ್ಬ ಹುಡುಗಿಯ ಹಣೆಗೆ ಅಂಟಿಸಿದ್ದೇವೆ. ಯುರೋಪಿನ ದೇಶಗಳ ಸಮೀಕ್ಷೆಗಳಲ್ಲಿ ನೂರು ಹೆಂಗಸರಲ್ಲಿ ಹತ್ತಕ್ಕಿಂತ ಹೆಚ್ಚು ಜನರಿಗೆ ಈ ಅಲರ್ಜಿ ಕಂಡುಬಂದಿದೆ. ಅವರೆಲ್ಲರ ರಕ್ತವೂ ಕೆಟ್ಟಿತ್ತೆ?

ರಕ್ತಶುದ್ಧಿಯ ಕಹಿ ಬಾಟಲಿಗಳಿಗೆ ಇಲ್ಲಿ ಕೆಲಸವಿಲ್ಲ. ಪಟ್ಟಣದಲ್ಲಿ ಈಗ ಬಂದಿರುವ, ನೂರು ತಿನಿಸುಗಳ ಹೆಸರಿರುವ ಅಲರ್ಜಿಯ ರಕ್ತಪರೀಕ್ಷೆಗೂ ಕೆಲಸವಿಲ್ಲ. ಅದು ಬೇರೆ ಬಗೆಯ ಅಲರ್ಜಿಯನ್ನು ಹುಡುಕುತ್ತದೆ. ನಿಕ್ಕಲ್‌ಗೆ ಇರುವುದು ಪ್ಯಾಚ್ ಪರೀಕ್ಷೆ. 1895ರಲ್ಲಿ ಯಾಡಾಸ್ಸೋನ್ ಎಂಬ ಚರ್ಮವೈದ್ಯ ತೋರಿಸಿದ ದಾರಿ. ವ್ಯಾಸಲೀನಿನಂಥ ಜಿಡ್ಡಿನಲ್ಲಿ ನೂರಕ್ಕೆ 5ರಷ್ಟು ನಿಕ್ಕಲ್ ಸಲ್ಫೇಟ್ ಕಲಸಿ, ಸಣ್ಣ ಬಿಲ್ಲೆಯೊಳಗಿಟ್ಟು ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗೆ ತೆಗೆದು ನೋಡುತ್ತಾರೆ, ಮುಂದೆ ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ವೈದ್ಯಕೀಯ ಕಾಲೇಜುಗಳ ಚರ್ಮ ವಿಭಾಗದಲ್ಲಿ ವಿಚಾರಿಸಬೇಕು. ಆದರೆ ರಾಮದುರ್ಗದಿಂದ ಬೆಳಗಾವಿಗೆ ಸುಮಾರು ನೂರು ಕಿಲೋಮೀಟರು. ಅಂಟಿಸಲು ಒಮ್ಮೆ, ತೆಗೆಸಲು ಒಮ್ಮೆ, ತೋರಿಸಲು ಇನ್ನೊಮ್ಮೆ. ನಡುವೆ ಬೆನ್ನು ತೋಯಿಸುವಂತಿಲ್ಲ, ಬೆವರುವಂತಿಲ್ಲ. ಕಳೆ ತೆಗೆಯುವ ಹಂಗಾಮಿನಲ್ಲಿ ಕೂಲಿ ಹೆಂಗಸಿಗೆ ಇದನ್ನು ಹೇಳಿದರೆ ಅವಳು ನಕ್ಕು ಮುಂದೆ ಹೋಗುತ್ತಾಳೆ, ತಪ್ಪಿಲ್ಲ.

ಪರೀಕ್ಷೆ ಕೈಗೆಟುಕದವರಿಗೆ ಮೈಯೇ ಒಂದು ನಕ್ಷೆ. ಕಿವಿಯ ಹಾಲೆ, ಸರದ ಕೊಂಡಿ ಕೂರುವ ಹಿಂಗತ್ತು, ಗಡಿಯಾರದ ಕೆಳಗಿನ ಮಣಿಕಟ್ಟು, ಹೊಕ್ಕುಳ ಕೆಳಗೆ ಪ್ಯಾಂಟಿನ ಗುಂಡಿಯಷ್ಟೇ ಅಗಲದ ಕಲೆ. ರಾಮದುರ್ಗದಲ್ಲಿ ಹೊಲಿಗೆಯಿಂದ ಹೊಟ್ಟೆ ಹೊರೆಯುವ ಹೆಂಗಸಾದರೆ ಕತ್ತರಿಯ ಕಣ್ಣು ತಾಗುವ ಬೆರಳು. ಲೋಹ ಎಲ್ಲಿ ತಾಗುತ್ತದೋ ಅಲ್ಲೇ ಗಾಯ ಬರೆಯಲಾಗಿರುತ್ತದೆ. ಬದನೆಕಾಯಿ ತಿಂದದ್ದು ಹೊಕ್ಕುಳ ಕೆಳಗೆ ಎರಡು ಬೆರಳಗಲ ಜಾಗದಲ್ಲಿ ಮಾತ್ರ ಏಳುವುದು ಯಾವ ಲೆಕ್ಕ?

ಇಷ್ಟು ಹೇಳಿದ ಕೂಡಲೇ ಎಲ್ಲ ತುರಿಕೆಗೂ ನಿಕ್ಕಲ್ ಎನ್ನುವ ಹೊಸ ಮೂಢನಂಬಿಕೆ ಹುಟ್ಟಬಾರದು. ಹೊಲದಲ್ಲಿ ದುಡಿಯುವವನ ಮುಖ, ರೆಪ್ಪೆ, ಕುತ್ತಿಗೆ ಒಟ್ಟಿಗೆ ಕರಿದಾಗಿ ತುರಿಸಿದರೆ ಕಾಂಗ್ರೆಸ್ ಕಸದ ಮೇಲೆ ಸಂಶಯ ಪಡಬೇಕು. ಹಣೆಯಲ್ಲಾದರೆ ಕುಂಕುಮ ಅಥವಾ ಟಿಕಲಿಯ ಅಂಟು. ಗೌಂಡಿಯ ಕೈಗಾದರೆ ಸಿಮೆಂಟಿನ ಕ್ರೋಮಿಯಂ. ಉಂಗುರದ ಕೆಳಗೆ ಸಾಬೂನಿನ ನೀರು ನಿಂತು ಚರ್ಮ ಕೆಡುವುದೂ ಉಂಟು, ಅದಕ್ಕೆ ಅಲರ್ಜಿಯೇ ಬೇಕಿಲ್ಲ.

ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತಿದವರಿಗೆ ಗೊತ್ತು, ಭಂಡಾರದ ಹಳದಿ ಧೂಳಿನ ನಡುವೆ, ಉಧೋ ಉಧೋ ಎಂಬ ಕೂಗಿನ ನಡುವೆ ಬಳೆ, ಓಲೆ, ಕಾಲ್ಗೆಜ್ಜೆ, ಸರಗಳ ಅಂಗಡಿಗಳು ಹೇಗೆ ಮಿಂಚುತ್ತವೆ ಎಂದು. ಆ ಮಿಂಚು ನನಗೂ ಇಷ್ಟ. ಸಣ್ಣವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ, ಗುಡಿಯ ಶಿಖರವನ್ನಲ್ಲ. ಅಲ್ಲಿ ಈಗ ಕೇಳುವ ಮಾತು: "ಜರ್ಮನ್ ಸಿಲ್ವರ್ ಐತ್ರೀ ಅಕ್ಕಾರ, ಬೆಳ್ಳಿ ಇದ್ದಂಗ, ಮೈಗೆ ತಂಪ." ಗಿಲೀಟು ಒಗ್ಗದ ಹುಡುಗಿಗೆ 'ಬೆಳ್ಳಿ ತಂಪು' ಎಂದು ತಾಯಿ ಇದನ್ನೇ ಕೊಡಿಸುತ್ತಾಳೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಗುಂಜಿಯೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಲೋಹ. ಸಾಮಾನ್ಯವಾಗಿ ನೂರಕ್ಕೆ 10ರಿಂದ 20 ಪಾಲು ನಿಕ್ಕಲ್. ಚೀನದವರು ಬಹಳ ಹಿಂದೆಯೇ ಮಾಡುತ್ತಿದ್ದುದನ್ನು 1820ರ ದಶಕದಲ್ಲಿ ಜರ್ಮನರು ನಕಲು ಮಾಡಿ, ಬೆಳ್ಳಿಯ ಹಾಗೆ ಕಾಣುತ್ತದೆಂದು ಬೆಳ್ಳಿಯ ಹೆಸರಿಟ್ಟರು. (ನಮ್ಮ ಅಡುಗೆಮನೆಯ 'ಜರ್ಮನ್ ಬೋಗೋಣಿ' ಬೇರೆ, ಅದು ಅಲ್ಯುಮಿನಿಯಂ. ಜರ್ಮನಿಗೂ ನಮ್ಮ ಪಾತ್ರೆಪಡಗಕ್ಕೂ ಅದೇನು ನಂಟೋ.) ಗಿಲೀಟು ಒಗ್ಗದವಳಿಗೆ ಜರ್ಮನ್ ಸಿಲ್ವರ್ ತೊಡಿಸುವುದೆಂದರೆ ಬಾಣಲೆಯಿಂದ ತೆಗೆದು ಬೆಂಕಿಗೆ ಹಾಕಿದ ಹಾಗೆ.

ಒನ್ ಗ್ರಾಂ ಗೋಲ್ಡ್ ಎನ್ನುವ ಒಡವೆಯದು ಇನ್ನೊಂದು ಕಥೆ. ಹಿತ್ತಾಳೆ ಅಥವಾ ತಾಮ್ರದ ಮೇಲೆ ಬಂಗಾರದ ಲೇಪನ ಕೊಡುವ ಮೊದಲು ನಡುವೆ ನಿಕ್ಕಲ್‌ನ ಒಂದು ಪದರ ಕೊಡುವುದು ಲೇಪನದ ಕಸುಬಿನಲ್ಲಿ ಸಾಮಾನ್ಯ. ಹೊಳಪು ನಿಲ್ಲುತ್ತದೆ, ಒಳಗಿನ ತಾಮ್ರ ಮೇಲೆ ಬರುವುದಿಲ್ಲ. ಬಂಗಾರದ ಪದರ ತೆಳುವಾದದ್ದು, ಎರಡು ಹಬ್ಬದ ಬೆವರಿಗೆ ಸವೆಯುತ್ತದೆ. ಆಮೇಲೆ ಚರ್ಮಕ್ಕೆ ತಾಗುವುದು ನಿಕ್ಕಲ್. "ಮೊದಲ ಒಗ್ಗತಿತ್ತು, ಈಗ ಒಗ್ಗವಲ್ದು" ಎನ್ನುವವರಲ್ಲಿ ಕೆಲವರ ಮೈ ಬದಲಾಗಿಲ್ಲ, ಒಡವೆಯ ಮುಖ ಕಳಚಿದೆ.

ಈ ಲೋಹಕ್ಕೆ ಹೆಸರು ಬಂದದ್ದೇ ಒಂದು ಬೈಗುಳದಿಂದ. ತಾಮ್ರದ ಹಾಗೆ ಕಾಣುವ ಒಂದು ಅದಿರನ್ನು ಎಷ್ಟು ಕಾಸಿದರೂ ತಾಮ್ರ ಬಾರದಿದ್ದಾಗ ಜರ್ಮನ್ ಸೀಮೆಯ ಗಣಿಗಾರರು, ಇದರೊಳಗೆ 'ನಿಕ್ಕಲ್' ಎಂಬ ಕಿಡಿಗೇಡಿ ದೆವ್ವ ಕೂತಿದೆ ಎಂದರು. 1751ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅಂಥ ಅದಿರಿನಿಂದ ಹೊಸ ಲೋಹವನ್ನೇ ತೆಗೆದು ಆ ಹೆಸರನ್ನು ಉಳಿಸಿಕೊಂಡ. ಆ ಗಣಿಗಾರರು ಕನಿಷ್ಠಪಕ್ಷ ದೆವ್ವವನ್ನು ಅದಿರಿನಲ್ಲಿ ಕಂಡರು. ನಾವು ಇನ್ನೂ ಹುಡುಗಿಯ ಮೈಯಲ್ಲಿ ಹುಡುಕುತ್ತಿದ್ದೇವೆ.

ಈಗ ವೈನಿಯ ಪರಿಹಾರ: "ಬಂಗಾರಾನ ಹಾಕ್ರಿ." ಕೇಳಲು ಸಲಹೆ, ಒಳಗೆ ದಂಡ. 22 ಕ್ಯಾರೆಟ್ ಬಂಗಾರದಲ್ಲಿ ನೂರಕ್ಕೆ 91.6 ಪಾಲು ಬಂಗಾರ, ಉಳಿದದ್ದು ಹೆಚ್ಚಾಗಿ ತಾಮ್ರ ಮತ್ತು ಬೆಳ್ಳಿ. ಅದು ಸಾಮಾನ್ಯವಾಗಿ ನಿಕ್ಕಲ್ ಅಲರ್ಜಿಯವರಿಗೂ ಒಗ್ಗುತ್ತದೆ, ನಿಜ. ಆದರೆ ರೋಗಕ್ಕೆ ಮದ್ದು ಬಂಗಾರ ಎಂದು ಹೇಳಿದ ದಿನ ನೀವು ಬಡವರ ಮನೆಯ ಹುಡುಗಿಗೆ ಮದ್ದಿಲ್ಲ ಎಂದು ಹೇಳಿದಂತಾಯಿತು. ಅವಳಿಗೆ ಬೇಕಾಗಿರುವುದು ಬಂಗಾರವಲ್ಲ, ನಿಕ್ಕಲ್ ಬಿಡದ ಒಂದು ಕಡ್ಡಿ. ಟೈಟೇನಿಯಂ ನಡೆಯುತ್ತದೆ, ಒಳ್ಳೆಯ ಪ್ಲಾಸ್ಟಿಕ್ ಕಡ್ಡಿ ನಡೆಯುತ್ತದೆ, ನಿಕ್ಕಲ್ ಬೆರೆಸದ ಅಪ್ಪಟ ಬೆಳ್ಳಿಯೂ ನಡೆಯುತ್ತದೆ. ಅತ್ತ ಬಂಗಾರ ಎಂದ ಮಾತ್ರಕ್ಕೆ ಎಲ್ಲವೂ ಪಾರಾಗುವುದೂ ಇಲ್ಲ. 'ವೈಟ್ ಗೋಲ್ಡ್' ಎನ್ನುವುದನ್ನು ಬೆಳ್ಳಗೆ ಮಾಡಲು ನಿಕ್ಕಲ್ ಬೆರೆಸುವುದುಂಟು. ಬೆಂಡೋಲಿ ಬಂಗಾರದ್ದಾದರೂ ಹಿಂದಿನ ತಿರುಪು ಕಳೆದು ಬೇರೆಯದು ಹಾಕಿಸಿದ್ದರೆ ಅದು ಯಾವ ಲೋಹವೋ. ಹಾಲ್‌ಮಾರ್ಕ್ ಬಂಗಾರ ಎಷ್ಟಿದೆ ಎಂದು ಹೇಳುತ್ತದೆ, ಉಳಿದದ್ದು ಏನು ಎಂದು ಹೇಳುವುದಿಲ್ಲ.

ಇದರಲ್ಲಿ ಒಂದು ಸಣ್ಣ ಜಂಬವೂ ಸೇರಿಕೊಂಡಿದೆ. ಅನುಕೂಲಸ್ಥರ ಮನೆಯಲ್ಲಿ "ನಮ್ಮ ಹುಡುಗಿಗೆ ಗಿಲೀಟ್ ನಡ್ಯಾಂಗಿಲ್ರಿ" ಎಂಬುದು ಹೆಮ್ಮೆಯ ಮಾತು. ಮೈ ಅಷ್ಟು ನಾಜೂಕು, ಬಂಗಾರಕ್ಕೇ ಹುಟ್ಟಿದ್ದು. ಅದೇ ಕಲೆ ಕೂಲಿಯವಳ ಕುತ್ತಿಗೆಯಲ್ಲಿದ್ದರೆ ನಂಜು, ಹೊಲಸು, ಮೈ ತೊಳೆಯುವುದಿಲ್ಲ. ಟ್ರ್ಯಾಕ್ಟರ್ ಹೊಡೆಯುವ ಹುಡುಗನ ಹೊಕ್ಕುಳ ಕೆಳಗೆ ಬೆಲ್ಟಿನ ಬಕಲ್ಲು ತಾಗಿ ಅದೇ ಕಲೆ ಎದ್ದರೆ? "ಬೆಲ್ಟ್ ಬಿಗಿ ಆಗೇತಿ, ಸಡ್ಲ ಮಾಡ್ಕೋಪಾ." ನೋಡಿ, ಗಂಡಸಿನ ವಿಷಯಕ್ಕೆ ಬಂದಾಗ ನಮ್ಮ ಹಿರಿಯರು ಎಷ್ಟು ಚುರುಕಾಗಿ ಲೋಹವನ್ನೇ ಹಿಡಿದರು! ಅವನ ರಕ್ತ ಕೆಡಲಿಲ್ಲ, ಅವನ ಎಣಗಾಯಿ ನಿಲ್ಲಲಿಲ್ಲ. ಹೆಂಗಸರಲ್ಲಿ ಈ ಅಲರ್ಜಿ ಹೆಚ್ಚು ಕಾಣಲು ಅವರ ಮೈ ಕಾರಣವಲ್ಲ. ಕಿವಿ ಮೂಗು ಚುಚ್ಚಿ ಲೋಹ ತೂರಿಸುವುದು ಅವರಿಗೆ, ಅಷ್ಟೇ.

ನಮ್ಮ ಹೆಂಗಸರ ತಾಳಿಯ ಸರ ನೋಡಿ. ಕರಿಮಣಿ, ಗುಳದಾಳಿ, ಅದರ ಪಕ್ಕದಲ್ಲಿ ಜೋತುಬಿದ್ದ ಮೂರು ಸೇಫ್ಟಿ ಪಿನ್ನು. ಸೆರಗಿಗೆ ಬೇಕಾದೀತು, ಮುಳ್ಳು ತೆಗೆಯಲು ಬೇಕಾದೀತು, ಬಸ್ಸಿನಲ್ಲಿ ಮೈಮೇಲೆ ಬೀಳುವವನಿಗೆ ಚುಚ್ಚಲೂ ಬೇಕಾದೀತು. ಒಳ್ಳೆಯ ಆಯುಧ, ಆದರೆ ನಿಕ್ಕಲ್ ಲೇಪನದ್ದು, ಹಗಲು ರಾತ್ರಿ ಎದೆಯ ಮೇಲೆ. ಕುತ್ತಿಗೆ ಕೆರೆದು ಕೆರೆದು ಎಮ್ಮೆಯ ಚರ್ಮದಂತಾದ ಹೆಂಗಸಿಗೆ ಮನೆಯವರು ಹೇಳುವುದು "ತಾಳಿ ತಗ್ಯಾಕ ಬರಂಗಿಲ್ಲವಾ, ತಡಕೋ." ತಾಳಿ ತೆಗೆ ಎಂದವರಾರು? ಪಿನ್ನು ತೆಗೆಯಲಿ, ಸರದ ಕೊಂಡಿ ಬದಲಿಸಲಿ, ಅದೂ ಆಗದಿದ್ದರೆ ಅರಿವೆಯ ದಾರದಲ್ಲಿ ಪೋಣಿಸಲಿ. ನಮ್ಮ ಮುತ್ತಜ್ಜಿಯರ ತಾಳಿ ದಾರದಲ್ಲೇ ಇತ್ತು, ಯಾರ ಮುತ್ತೈದೆತನಕ್ಕೂ ಕುಂದು ಬರಲಿಲ್ಲ. ಕುಪ್ಪಸದ ಹುಕ್ಕು ಬಿಡಲಾಗದಿದ್ದರೆ ಮೈಗೂ ಅದಕ್ಕೂ ನಡುವೆ ಅರಿವೆಯ ಪಟ್ಟಿ ಹೊಲಿಸಬಹುದು. ಲೋಹಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಪದರ ಹಚ್ಚಿದರೆ ಕೆಲವು ದಿನ ತಡೆಯುತ್ತದೆ, ಸವೆದ ಮೇಲೆ ಮತ್ತೆ ಹಚ್ಚಬೇಕು.

ಓಣಿಯ ಹುಡುಗ ತಂದ ಟ್ಯೂಬಿನ ಮೇಲೆ ನನಗೆ ಎಲ್ಲಕ್ಕಿಂತ ಸಿಟ್ಟು. ನಮ್ಮ ಮಾತಿನಲ್ಲಿ ಲೋಹಕ್ಕೆ ಕೊಡುವ ಬಂಗಾರದ ಹೊದಿಕೆಗೂ ಮುಲಾಮು ಎನ್ನುತ್ತಾರೆ, ಹುಣ್ಣಿಗೆ ಹಚ್ಚುವ ಔಷಧಕ್ಕೂ ಮುಲಾಮು. ಎರಡನೆಯದೂ ಮೊದಲನೆಯದರ ಕೆಲಸವನ್ನೇ ಮಾಡುವುದುಂಟು, ಒಳಗಿನದನ್ನು ಮುಚ್ಚಿ ಮೇಲೆ ಹೊಳಪು ಕೊಡುವುದು. ಕೌಂಟರಿನಲ್ಲಿ ಕೇಳಿದ ಕೂಡಲೇ ಸಿಗುವ ಆ ಟ್ಯೂಬುಗಳಲ್ಲಿ ಹಲವು, ಜೋರಾದ ಸ್ಟಿರಾಯ್ಡ್, ಗಜಕರ್ಣದ ಔಷಧ, ಕೀವಿನ ಔಷಧ ಮೂರನ್ನೂ ಕಲಸಿದ ಕಿಚಡಿ. ಯಾವುದು ತಾಗುತ್ತದೋ ತಾಗಲಿ ಎಂಬ ವೈದ್ಯ. ಹಚ್ಚಿದ ಎರಡನೆಯ ದಿನವೇ ಕೆಂಪು ಇಳಿಯುತ್ತದೆ, ಆದ್ದರಿಂದ 'ಗುಣ' ಆಯಿತು. ಓಲೆ ಮತ್ತೆ ಕಿವಿಗೆ ಏರುತ್ತದೆ, ಟ್ಯೂಬು ಮತ್ತೆ ಬರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತವೆ, ಮುಖಕ್ಕೆ ಹಚ್ಚಿದವರಿಗೆ ಮೊಡವೆ, ಕೂದಲು. ನಿಜವಾಗಿ ಗಜಕರ್ಣವೇ ಆಗಿದ್ದರೆ ಅದು ವೇಷ ಮರೆಸಿಕೊಂಡು ಹಬ್ಬುತ್ತದೆ. ಹಚ್ಚುವ ಸ್ಟಿರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ 'ಶೆಡ್ಯೂಲ್ ಎಚ್' ಪಟ್ಟಿಗೆ ಸೇರಿಸಿದೆ. ಸ್ಟಿರಾಯ್ಡ್ ಮುಲಾಮು ವಿಷವೆಂದು ನಾನು ಹೇಳುತ್ತಿಲ್ಲ. ವೈದ್ಯರು ನೋಡಿ, ಇಂಥ ಜಾಗಕ್ಕೆ ಇಷ್ಟು ಜೋರಿನದು, ಇಷ್ಟೇ ದಿನ ಎಂದು ಕೊಟ್ಟರೆ ಉರಿ ಇಳಿಸಲು ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ಲೋಹ ಮೈಮೇಲೇ ಇರುವಾಗ ಮುಲಾಮು ಹಚ್ಚುವುದು, ನಲ್ಲಿ ತೆರೆದಿಟ್ಟು ನೆಲ ಒರೆಸಿದ ಹಾಗೆ. ಸುಣ್ಣ, ಬೆಳ್ಳುಳ್ಳಿ, ಎಕ್ಕೆಯ ಹಾಲು ಹಚ್ಚುವವರಿಗೆ ಒಂದೇ ಮಾತು: ಅವು ಸುಡುತ್ತವೆ. ತಣ್ಣೀರಿನ ಅರಿವೆ ಸಾಕು. ಕೀವಾದರೆ, ಜ್ವರ ಬಂದರೆ, ಮೈತುಂಬ ಹಬ್ಬಿದರೆ ಆಸ್ಪತ್ರೆ. ಕಪ್ಪು ಕಲೆ ಹೋಗಲು ತಿಂಗಳುಗಳು ಹಿಡಿಯುತ್ತವೆ, ತಿಕ್ಕಬಾರದು.

ಇಲ್ಲಿ ನನ್ನ ವಿರೋಧಿಗಳಿಗೆ ಒಂದು ಅಸ್ತ್ರ ಉಳಿದಿದೆ, ಅದನ್ನು ಅವರಿಗಿಂತ ಮೊದಲು ನಾನೇ ತೆಗೆದಿಡುತ್ತೇನೆ. ತಿನ್ನುವುದರಲ್ಲೂ ನಿಕ್ಕಲ್ ಇದೆ. ತೀವ್ರ ಅಲರ್ಜಿಯಿರುವ ಕೆಲವರಿಗೆ, ಲೋಹ ದೂರ ಮಾಡಿದ ಮೇಲೂ ಅಂಗೈಯಲ್ಲಿ ನೀರುಗುಳ್ಳೆ ಏಳುತ್ತಿದ್ದರೆ, ವೈದ್ಯರು ಕೆಲವು ಕಾಲ ಊಟದ ಕಟ್ಟು ಹೇಳುವುದುಂಟು. ಆ ಪಟ್ಟಿಯಲ್ಲಿ ಮುಂದೆ ನಿಲ್ಲುವುದು ಚಾಕೊಲೇಟು, ಗೋಡಂಬಿ, ಸೋಯಾ, ಶೇಂಗಾ, ಬೇಳೆಕಾಳು, ತೌಡು ತೆಗೆಯದ ಧಾನ್ಯ. ನಂಜಿನ ಪಥ್ಯದಲ್ಲಿರುವ ಹುಡುಗಿಗೆ ನಾವು ಏನು ಕೊಡುತ್ತೇವೆ? ಎಣಗಾಯಿ ಕಸಿದು ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ! ನಿಕ್ಕಲ್ ಲೆಕ್ಕ ಹಿಡಿದರೆ ಪಥ್ಯವೇ ತಲೆಕೆಳಗು. ಆದರೆ ಈ ಲೆಕ್ಕ ಬಹುತೇಕ ಮಂದಿಗೆ ಬೇಕೇ ಇಲ್ಲ, ಅವರಿಗೆ ಓಲೆ ಬದಲಿಸಿದರೆ ಸಾಕು. ಕಾಳು ಬಿಡಿಸಿದರೆ ನಮ್ಮ ಹೆಂಗಸರಿಗೆ ಉಳಿಯುವುದೇನು? ಮೊದಲೇ ರಕ್ತ ಕಡಿಮೆಯಿರುವವರು. ಕಬ್ಬಿಣಾಂಶ ಕೊರತೆಯಾದ ಮೈ ಕರುಳಿನಲ್ಲಿ ನಿಕ್ಕಲ್ ಅನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ. 'ರಕ್ತ ಕೆಟ್ಟಿದೆ' ಎಂದು ಉಪವಾಸ ಹಾಕಿ, ಇದ್ದ ರಕ್ತವನ್ನೂ ತೆಳುಗೊಳಿಸಿ, ರೋಗಕ್ಕೆ ಬಾಗಿಲು ತೆಗೆಯುವುದು ಯಾವ ಊರಿನ ವೈದ್ಯ?

ಹಳಬರು ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದರು, ಅದನ್ನು ಒಪ್ಪಿಕೊಳ್ಳಬೇಕು. ಕಿವಿ ಚುಚ್ಚಲು ಪತ್ತಾರರನ್ನು ಕರೆಸಿ ಬಂಗಾರದ ಎಳೆತಂತಿ ಹಾಕಿಸುತ್ತಿದ್ದರು. ನಿಕ್ಕಲ್ ಹೆಸರು ಅವರು ಕೇಳಿರಲಿಲ್ಲ, ಆದರೆ ಹಸಿ ಗಾಯದೊಳಗೆ ಅದು ಇಳಿಯದ ಹಾಗೆ ನೋಡಿಕೊಂಡರು. ಈ ಅಲರ್ಜಿ ಹುಟ್ಟುವ ದೊಡ್ಡ ಬಾಗಿಲೇ ಚುಚ್ಚಿದ ಗಾಯ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಕಾಳಮ್ಮನಿಗೆ ನಡೆದುಕೊಳ್ಳುವ ಆ ಕಸುಬಿನವರ ಕೈ ಈಗ ಕಡಿಮೆಯಾಗಿ, ಫ್ಯಾನ್ಸಿ ಅಂಗಡಿಯ ಪಿಸ್ತೂಲು ಬಂದಿದೆ. ಟಪ್ ಎಂದು ಹೊಡೆಯುತ್ತದೆ, ಯಾವ ಲೋಹದ ಕಡ್ಡಿ ಎಂದು ಹೊಡೆದವನಿಗೂ ಗೊತ್ತಿಲ್ಲ. ಗಾಯ ಮಾಯುವ ಮುಂಚೆಯೇ ಶಾಲೆಯ ಗ್ಯಾದರಿಂಗು, ಅಥವಾ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವದ ಮೆರವಣಿಗೆ. ಹುಡುಗಿಗೆ ಚೆನ್ನಮ್ಮನ ವೇಷ. ಬಾಡಿಗೆಯ ಗಿಲೀಟು ಸರ, ಗಿಲೀಟು ಡಾಬು, ಗಿಲೀಟು ಓಲೆ, ಬಿಸಿಲಿನಲ್ಲಿ ಮೂರು ತಾಸು. ನಾನೂ ಐದನೆಯ ಇಯತ್ತೆಯಲ್ಲಿ ಚೆನ್ನಮ್ಮನಾಗಿದ್ದೆ. ಕಪ್ಪ ಕೊಡೆನೆಂದು ಕತ್ತಿ ಎತ್ತಿದವಳ ಕುತ್ತಿಗೆಯ ಮೇಲೆ ಮೂರನೆಯ ದಿನ ಸರದ ಅಚ್ಚು ಎದ್ದಿತ್ತು. "ದೃಷ್ಟಿ ತಾಗೇತಿ" ಎಂದು ಅವ್ವ ಉಪ್ಪು ಮೆಣಸಿನಕಾಯಿ ಇಳಿತೆಗೆದಳು.

ಡೆನ್ಮಾರ್ಕ್ ದೇಶದವರು ಇಳಿತೆಗೆಯುತ್ತ ಕೂರಲಿಲ್ಲ. 1990ರ ಹೊತ್ತಿಗೇ ಅವರು ಚರ್ಮಕ್ಕೆ ತಾಗುವ ಸಾಮಾನಿನಿಂದ ನಿಕ್ಕಲ್ ಇಷ್ಟಕ್ಕಿಂತ ಹೆಚ್ಚು ಹೊರಬೀಳಬಾರದು ಎಂದು ಕಟ್ಟು ಹಾಕಿದರು. 1994ರಲ್ಲಿ ಯುರೋಪಿನ ಒಕ್ಕೂಟ ಅದೇ ದಾರಿ ಹಿಡಿಯಿತು: ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂ, ಚುಚ್ಚಿದ ಗಾಯಕ್ಕೆ ತೂರಿಸುವ ಕಡ್ಡಿಗೆ ಈಗ 0.2. ಕಾನೂನು ಬಂದ ಮೇಲೆ ಕಿವಿ ಚುಚ್ಚಿಸಿಕೊಂಡ ಡೇನಿಶ್ ಹುಡುಗಿಯರಲ್ಲಿ ಈ ಅಲರ್ಜಿ ಇಳಿಯಿತು. ಗಮನಿಸಿ, ಅಲ್ಲಿ ಹುಡುಗಿಯರ ರಕ್ತ ಶುದ್ಧಿ ಮಾಡಲಿಲ್ಲ, ಅವರ ಊಟ ಕಟ್ಟಲಿಲ್ಲ. ಪಥ್ಯ ಹಾಕಿದ್ದು ಓಲೆ ಮಾಡುವವನಿಗೆ.

ನಮ್ಮ ಸರಕಾರ ಅಂಥದ್ದು ಮಾಡುವತನಕ ಕೈಕಟ್ಟಿ ಕೂರಬೇಕಿಲ್ಲ. ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ನಾಲಿಗೆ ತಿರುಚುವ ಹೆಸರಿನ ಒಂದು ರಾಸಾಯನಿಕವಿದೆ. ನಿಕ್ಕಲ್ ಗುರುತಿಸಲು ಅದು ಬರುತ್ತದೆಂದು ರಷ್ಯದ ಚುಗಾಯೆವ್ 1905ರಲ್ಲಿ ತೋರಿಸಿದ; ಬಿ.ಎಸ್‌ಸಿ. ಓದಿದವರು ಪ್ರಯೋಗಾಲಯದಲ್ಲಿ ಅದರ ಕೆಂಪು ಗಸಿಯನ್ನು ತೂಗಿಯೇ ಇರುತ್ತಾರೆ. ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನಮ್ಮ ಸಂಬಂಧಿಕರೊಬ್ಬರು ಹೋದ ರಜೆಯಲ್ಲಿ ಎರಡು ಸಣ್ಣ ಶೀಶೆ ತಂದರು, ಒಂದರಲ್ಲಿ ಅದು, ಇನ್ನೊಂದರಲ್ಲಿ ತೆಳು ಅಮೋನಿಯಾ. ಹತ್ತಿಯ ಕಡ್ಡಿಗೆ ಎರಡರದೂ ಒಂದೆರಡು ಹನಿ, ಅರ್ಧ ನಿಮಿಷ ಲೋಹದ ಮೇಲೆ ತಿಕ್ಕುವುದು. ಹತ್ತಿ ಗುಲಾಬಿಯಾದರೆ ನಿಕ್ಕಲ್ ಹೊರಬೀಳುತ್ತಿದೆ ಎಂದು ಅರ್ಥ. ಬಣ್ಣ ಬಾರದಿದ್ದರೆ ಪೂರ್ತಿ ಖುಲಾಸೆಯೇನಲ್ಲ, ಕೆಲವು ತಪ್ಪಿಸಿಕೊಳ್ಳುತ್ತವೆ.

ಪಡಸಾಲೆಯಲ್ಲಿ ಪತ್ರಿಕೆ ಹಾಸಿ ಮನೆಯ ಲೋಹವನ್ನೆಲ್ಲ ಸಾಲಾಗಿ ಕೂರಿಸಿದೆವು. ಮದುವೆಯ ಝುಮಕಿ ಗುಲಾಬಿ. ಗುಡ್ಡದಿಂದ ತಂದ ಜರ್ಮನ್ ಸಿಲ್ವರ್ ಕಾಲ್ಗೆಜ್ಜೆ ದಟ್ಟ ಗುಲಾಬಿ. ವೈನಿಯ ಬಂಗಾರದ ಬೆಂಡೋಲಿ ಬಿಳಿ, ಅದರ ತಿರುಪು ತುಸು ಗುಲಾಬಿ. ವೈನಿ ಅದನ್ನು ಮರಳಿ ಪರೀಕ್ಷೆ ಮಾಡಿಸಿದರು. ಊಟದ ಸ್ಟೀಲ್ ತಾಟು ಬಿಳಿ. ಅಕ್ಕನ ತಾಳಿಯ ಪಿನ್ನು ಮೂರೂ ಗುಲಾಬಿ. ಕಾಕಾ ಮೆಲ್ಲಗೆ ತಮ್ಮ ಬೆಲ್ಟ್ ಬಿಚ್ಚಿ ಮುಂದೆ ಸರಿಸಿದರು, ಬಕಲ್ಲು ಗುಲಾಬಿ.

ಇಷ್ಟು ಹೊತ್ತು ಕಂಬಕ್ಕೆ ಒರಗಿ ಸುಮ್ಮನೆ ನೋಡುತ್ತಿದ್ದ ಆಯಿ ಎದ್ದು ಒಳಗೆ ಹೋಗಿ ಒಂದು ಬದನೆಕಾಯಿ ತಂದಿಟ್ಟಳು. "ಇದನ್ನೂ ತಿಕ್ಕಿ ನೋಡ." ಶೀಶೆ ತಂದ ಮೇಷ್ಟ್ರು, ಇದು ಸರಿಯಾದ ಪ್ರಯೋಗವಲ್ಲ, ಕಾಯಿಯೊಳಗಿನ ಅಲ್ಪಸ್ವಲ್ಪ ನಿಕ್ಕಲ್ ಹೀಗೆ ಒರೆಸಿದರೆ ಕಾಣುವುದಿಲ್ಲ ಎಂದು ಹೇಳಹೊರಟರು. ಕೇಳುವವರಾರು? ತಿಕ್ಕಿದೆವು. ಹತ್ತಿ ಬೆಳ್ಳಗೇ ಉಳಿಯಿತು. ಆಯಿ ಕಾಯಿಯನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದಳು. "ಪೋರಿಗಿ ಕರೀರಿ. ಸಂಜಿಕ ಎಣಗಾಯಿ ಮಾಡ್ತೀನಿ," ಎಂದಳು. ಅಮೋನಿಯಾ ತಾಗಿದ ಅದೊಂದನ್ನು ಮಾತ್ರ ತಿಪ್ಪೆಗೆ ಎಸೆದೆವು.